ಅಯ್ಯನವರು ಬಾರದ ಭಾನುವಾರ: ಹಳ್ಳಿಯ ಚಿಕ್ಕ ಸಭೆ ನಡೆಯುವ ಬಗೆ

ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಇಪ್ಪತ್ತೋ ಮೂವತ್ತೋ ಕ್ರೈಸ್ತ ಕುಟುಂಬಗಳಿರುವ ಕಡೆ ಸಾಮಾನ್ಯವಾಗಿ ಹೆಂಚಿನದೋ ತಾರಸಿಯದೋ ಒಂದು ಚಿಕ್ಕ ದೇವಾಲಯವಿರುತ್ತದೆ. ಆದರೆ ಆ ದೇವಾಲಯಕ್ಕೆಂದೇ ಮೀಸಲಾದ ಸಭಾಪಾಲಕರು ಇರುವುದು ಅಪರೂಪ. ಪೇಟೆಯಲ್ಲಿ ವಾಸವಾಗಿರುವ ಒಬ್ಬ ಅಯ್ಯನವರ (ಸಭಾಪಾಲಕರನ್ನು ಜನ ಕರೆಯುವುದು ಹೀಗೆ) ಹೊಣೆಯಲ್ಲಿ ಇಂಥ ಹಲವು ಹಳ್ಳಿಗಳ ಸಭೆಗಳಿರುತ್ತವೆ, ಅವರು ಸರದಿಯ ಮೇಲೆ ಒಂದೊಂದು ಭಾನುವಾರ ಒಂದೊಂದು ಊರಿಗೆ ಬಂದು ಹೋಗುತ್ತಾರೆ. ಅವರು ಬಾರದ ಭಾನುವಾರಗಳಲ್ಲಿಯೂ ಗಂಟೆ ಬಾರಿಸಲಾಗುತ್ತದೆ, ಜಮಖಾನ ಹಾಸಲಾಗುತ್ತದೆ, ಪಾಪನಿವೇದನೆಯಿಂದ ಹಿಡಿದು ಕಡೆಯ ಪ್ರಾರ್ಥನೆಯವರೆಗೆ ಆರಾಧನೆ ನಡೆದೇ ನಡೆಯುತ್ತದೆ. ಇಂಥ ಸಭೆಯನ್ನು ಪಟ್ಟಣದ ದೊಡ್ಡ ಚರ್ಚಿನ ಮೊಟಕುಗೊಂಡ ರೂಪವೆಂದು ನೋಡುವವರು ಕ್ರೈಸ್ತರಲ್ಲಿಯೂ ಇದ್ದಾರೆ. ಆ ಎಣಿಕೆ ಸರಿಯಲ್ಲವೆಂದು ನನಗೆ ಅನಿಸುತ್ತದೆ. ದೀಕ್ಷೆ ಪಡೆಯದ, ಅಂದರೆ ಸಭಾಪಾಲಕರಾಗಿ ನೇಮಕವಾಗದ, ಸಾಮಾನ್ಯ ವಿಶ್ವಾಸಿಗಳು ವಾರವಾರವೂ ತಾವೇ ನಿಂತು ನಡೆಸುವ ಪೂರ್ಣ ಸಭೆ ಅದು. ಅದು ಹಾಗೆ ನಿಲ್ಲುವುದಕ್ಕೆ ಚರಿತ್ರೆಯಲ್ಲಿ, ಆರಾಧನಾ ಕ್ರಮದಲ್ಲಿ ಮತ್ತು ಹಣಕಾಸಿನ ಏರ್ಪಾಡಿನಲ್ಲಿ ಕಾರಣಗಳಿವೆ.

ಚರಿತ್ರೆಯನ್ನು ಮೊದಲು ನೋಡೋಣ. 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನದ ಪೂರ್ವ ಭಾಗಕ್ಕೆ ಬಂದ ಪ್ರೊಟೆಸ್ಟೆಂಟ್ ಮಿಷನರಿಗಳು ಒಂದೇ ಸಂಸ್ಥೆಗೆ ಸೇರಿದವರಾಗಿರಲಿಲ್ಲ. ತುಮಕೂರಿನ ಕಡೆ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. 1830ರ ದಶಕದಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಮಾಡಿದರು, ಕೆಲವೇ ವರ್ಷಗಳಲ್ಲಿ ವಿಲಿಯಂ ಆರ್ಥರ್ ಕೂಡ ಅಲ್ಲಿಗೆ ಬಂದರು. ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್ ಬೇರೂರಿತು, ಆ ಊರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆಯ) ಆಸ್ಪತ್ರೆ ಅದೇ ಮಿಷನ್ ಬಿಟ್ಟುಹೋದ ಗುರುತು. ಕೋಲಾರದ ಕಥೆ ಬೇರೆ. 1876–78ರ ಮಹಾಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಅಲ್ಲಿ ಸಾಕಿ ಬೆಳೆಸಿದ ಮಿಸ್ ಆನ್‌ಸ್ಟೀ ಎಂಬವರ ಕೆಲಸವನ್ನು 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ ವಹಿಸಿಕೊಂಡಿತು. ಜಿಲ್ಲೆಯ ಜನ ಇ.ಟಿ.ಸಿ.ಎಂ. ಎಂದು ಕರೆಯುವ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು 1910ರಲ್ಲಿ ಸ್ಥಾಪಿಸಿದ್ದು ಈ ಮಿಷನ್.

ಈ ಮಿಷನ್‌ಗಳು ತಂತಮ್ಮ ನಾಡಿನ ಸಭಾಪದ್ಧತಿಯನ್ನು ಜೊತೆಗೆ ತಂದವು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ತಮ್ಮ ಅನುಯಾಯಿಗಳನ್ನು ಹತ್ತು ಹನ್ನೆರಡು ಜನರ ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಅದರೊಳಗಿನ ಒಬ್ಬರನ್ನೇ ನಾಯಕರನ್ನಾಗಿ ನೇಮಿಸಿದ್ದರು. ಅನೇಕ ಊರುಗಳನ್ನು ಸೇರಿಸಿ ಒಂದು ಸುತ್ತು ಮಾಡಿ, ದೀಕ್ಷಿತ ಬೋಧಕರು ಆ ಸುತ್ತಿನಲ್ಲಿ ಸಂಚರಿಸುವಂತೆಯೂ, ಅವರಿಲ್ಲದ ಕಡೆ ಊರಿನ ಬೋಧಕರು ಪ್ರಸಂಗ (ಧರ್ಮೋಪದೇಶ) ಮಾಡುವಂತೆಯೂ ಏರ್ಪಡಿಸಿದ್ದರು. ಇಂದು ಗುಬ್ಬಿಯ ಆಸುಪಾಸಿನ ಹಳ್ಳಿಯಲ್ಲಿ ಅಯ್ಯನವರ ಸರದಿಪಟ್ಟಿ ಗೋಡೆಗೆ ಅಂಟಿಸಿದ್ದರೆ ಅದರ ಮೂಲ ಅಲ್ಲಿದೆ. ಲಂಡನ್ ಮಿಷನ್ನಿನ ಪರಂಪರೆ ಇನ್ನೊಂದು ಬಗೆಯದು: ಸ್ಥಳೀಯ ಸಭೆಯ ಸದಸ್ಯರೇ ಕೂಡಿ ಚರ್ಚಿಸಿ ತಮ್ಮ ಸಭೆಯ ವ್ಯವಹಾರವನ್ನು ತೀರ್ಮಾನಿಸಬೇಕು ಎಂಬುದು ಅದರ ತಿರುಳು. ಬಿಷಪರ ಮೇಲ್ವಿಚಾರಣೆ ಮತ್ತು ಬರೆದಿಟ್ಟ ಪ್ರಾರ್ಥನಾ ಪುಸ್ತಕ ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯಿಂದ ಬಂದವು.

ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್ಲಿನಲ್ಲಿ ಈ ಪರಂಪರೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅಸ್ತಿತ್ವಕ್ಕೆ ಬಂದಿತು. ಲಂಡನ್ ಮಿಷನ್ನಿನ ಸಭೆಗಳು 1908ರಲ್ಲಿ ಸ್ಥಾಪನೆಯಾಗಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆಯ ಮೂಲಕ ಈ ಐಕ್ಯಕ್ಕೆ ಸೇರಿದವು, ವೆಸ್ಲಿಯನ್ ಸಭೆಗಳು ನೇರವಾಗಿ ಸೇರಿದವು. ಬಿಷಪರನ್ನು ಹೊಂದಿರುವ ಸಭೆಯೂ ಬಿಷಪರೇ ಇಲ್ಲದ ಸಭೆಗಳೂ ಹೀಗೆ ಒಂದೇ ಆಡಳಿತದಡಿ ಬಂದದ್ದು ಜಗತ್ತಿನ ಕ್ರೈಸ್ತ ಚರಿತ್ರೆಯಲ್ಲಿಯೇ ಹೊಸದು, ಅದು ನಮ್ಮ ನೆರೆಯ ಊರಿನಲ್ಲಿ ಆಯಿತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಅಮೆರಿಕದ ಮೆಥಡಿಸ್ಟರು ಮಾತ್ರ ಇದರಲ್ಲಿ ಸೇರಲಿಲ್ಲ. ಅವರ ಸಭೆಗಳು 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆಯಾಗಿ ಸ್ವಾಯತ್ತವಾದವು. ಕೋಲಾರದ ಮೆಥಡಿಸ್ಟ್ ದೇವಾಲಯವೂ ತುಮಕೂರಿನ ವೆಸ್ಲಿ ಪರಂಪರೆಯ ಸಿ.ಎಸ್.ಐ. ದೇವಾಲಯವೂ ಒಂದೇ ಮೂಲಪುರುಷನನ್ನು, ಜಾನ್ ವೆಸ್ಲಿಯನ್ನು, ನೆನೆಯುತ್ತಿದ್ದರೂ ಬೇರೆ ಬೇರೆ ಬಿಷಪರ ಕೆಳಗಿರುವುದಕ್ಕೆ ಇದೇ ಕಾರಣ.

ಐಕ್ಯದ ಪರಿಣಾಮವನ್ನು ಹಳ್ಳಿಯಲ್ಲಿ ಕಣ್ಣಾರೆ ಕಾಣಬಹುದು. ಬೆಳೆದ ಮಕ್ಕಳು ತಮ್ಮ ವಿಶ್ವಾಸವನ್ನು ಸಭೆಯೆದುರು ಒಪ್ಪಿಕೊಳ್ಳುವ ದೃಢೀಕರಣಕ್ಕೆ ಬಿಷಪರು ಬರುತ್ತಾರೆ, ಸಭಾಪಾಲಕರು ಸುತ್ತಿನಲ್ಲಿ ಸಂಚರಿಸುತ್ತಾರೆ, ಲೆಕ್ಕಪತ್ರವನ್ನು ಸದಸ್ಯರ ವಾರ್ಷಿಕ ಸಭೆ ಒಪ್ಪಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಸೆಂಟ್ರಲ್ ಡಯಾಸಿಸ್ಸಿಗೆ (ಡಯಾಸಿಸ್ ಎಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ) ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳ ಸಿ.ಎಸ್.ಐ. ಸಭೆಗಳು ಸೇರಿವೆ, ಅದರ ಕೆಳಗೆ ಹಲವು ಹಳ್ಳಿಗಳ ಸಭೆಗಳನ್ನು ಒಳಗೊಂಡ ಪ್ಯಾಸ್ಟರೇಟುಗಳು, ಪ್ರತಿ ಪ್ಯಾಸ್ಟರೇಟಿಗೂ ಸದಸ್ಯರು ಆರಿಸಿದ ಕಮಿಟಿ.

ಈಗ ಭಾನುವಾರದ ಆರಾಧನೆಗೆ ಬರೋಣ. ಆರಂಭದ ಹೊತ್ತು ಊರಿನ ಕೆಲಸವನ್ನು ಅನುಸರಿಸಿರುತ್ತದೆ: ಹಸು ಕರೆದು ಡೇರಿಗೆ ಹಾಲು ಹಾಕಿ ಬರುವವರೆಗೆ ಗಂಟೆ ಬಾರಿಸುವುದರಲ್ಲಿ ಅರ್ಥವಿಲ್ಲ. ಚಿಕ್ಕಬಳ್ಳಾಪುರದ ರೇಷ್ಮೆಯ ಊರುಗಳಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯ ಒಬ್ಬಿಬ್ಬರು ಮಾತ್ರ ಬಂದರೆ ಯಾರೂ ಆಕ್ಷೇಪಿಸುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ನೆಲದ ಮೇಲೆ ಕೂರುತ್ತಾರೆ. ಹೆಂಗಸರು ತಲೆಗೆ ಸೆರಗು ಹೊದೆಯುತ್ತಾರೆ.

ಆರಾಧನೆಯ ಬೆನ್ನೆಲುಬು ಅಚ್ಚಾದ ಆರಾಧನಾ ಕ್ರಮ. 1950ರಲ್ಲಿ ಸಿ.ಎಸ್.ಐ. ತನ್ನದೇ ಕರ್ತನ ಭೋಜನದ (ಯೇಸುವಿನ ಕಡೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ) ಕ್ರಮವನ್ನು ಮೊದಲ ಬಾರಿಗೆ ಬಳಸಿತು, 1963ರಲ್ಲಿ ಸಾಮಾನ್ಯ ಆರಾಧನೆಯ ಪೂರ್ಣ ಪುಸ್ತಕವನ್ನು ಪ್ರಕಟಿಸಿತು, ಅದರ ಕ್ರಮಗಳು ಕನ್ನಡದಲ್ಲಿಯೂ ಬಳಕೆಗೆ ಬಂದವು. ಇದರ ಮೊದಲ ಭಾಗ ಸಿದ್ಧತೆ: ಸ್ತುತಿಯ ಹಾಡು, ತಮ್ಮ ತಪ್ಪುಗಳ ನಿವೇದನೆ, ಕ್ಷಮೆಯ ವಾಗ್ದಾನ. ಎರಡನೆಯದು ವಾಕ್ಯದ ಸೇವೆ: ಹಳೆಯ ಒಡಂಬಡಿಕೆಯಿಂದ ಒಂದು, ಅಪೊಸ್ತಲರ ಪತ್ರಗಳಿಂದ ಒಂದು, ಸುವಾರ್ತೆಯಿಂದ ಒಂದು ಪಾಠ, ಆಮೇಲೆ ಪ್ರಸಂಗ, ವಿಶ್ವಾಸ ಪ್ರಮಾಣ, ಸಭೆಗಾಗಿಯೂ ಊರಿಗಾಗಿಯೂ ದೇಶಕ್ಕಾಗಿಯೂ ವಿಜ್ಞಾಪನೆ. ಯಾವ ಭಾನುವಾರ ಯಾವ ಪಾಠಗಳು, ಆ ದಿನದ ವಿಷಯವೇನು ಎಂಬುದನ್ನು ವರ್ಷಕ್ಕೊಮ್ಮೆ ಬರುವ ಸಭೆಯ ಪಂಚಾಂಗ ಮೊದಲೇ ಗೊತ್ತುಮಾಡಿರುತ್ತದೆ.

ಬರೆದಿಟ್ಟ ಪ್ರಾರ್ಥನೆಯನ್ನು ಓದುವುದು ನಿರ್ಜೀವ ಆಚಾರ, ಹೃದಯದಿಂದ ಬಂದದ್ದೇ ನಿಜವಾದ ಪ್ರಾರ್ಥನೆ ಎಂಬ ಆಕ್ಷೇಪ ಹೊಸ ಸಭೆಗಳವರಿಂದ ಆಗಾಗ ಕೇಳಿಬರುತ್ತದೆ. ಹಳ್ಳಿಯ ಸಭೆಯ ದೃಷ್ಟಿಯಿಂದ ನೋಡಿದರೆ ಇದು ತಲೆಕೆಳಗಾದ ಮಾತು. ಪ್ರತಿಯೊಂದೂ ಬೋಧಕರ ವಾಗ್ಮಿತೆಯ ಮೇಲೆ ನಿಂತಿದ್ದರೆ, ಅಂಥ ವಾಗ್ಮಿ ಇಲ್ಲದ ಭಾನುವಾರ ಆರಾಧನೆಯೇ ಇರುತ್ತಿರಲಿಲ್ಲ. ಕ್ರಮವು ಬರವಣಿಗೆಯಲ್ಲಿ ಇರುವುದರಿಂದಲೇ ಏಳನೆಯ ತರಗತಿಯವರೆಗೆ ಓದಿದ ರೈತರೊಬ್ಬರು ಅಳುಕಿಲ್ಲದೆ ಮುಂದೆ ನಿಂತು ಆರಾಧನೆ ನಡೆಸಬಲ್ಲರು; ಓದುಬಾರದ ಅಜ್ಜಿಯೊಬ್ಬರು ದಶಕಗಳಿಂದ ಕೇಳಿ ಕೇಳಿ ಬಾಯಿಪಾಠವಾದ ಪ್ರತಿವಚನವನ್ನು ತಡವರಿಸದೆ ಹೇಳಬಲ್ಲರು. ಹೆಚ್ಚು ಓದಿದವರಿಗೂ ಓದದವರಿಗೂ ಆ ಒಂದು ಗಂಟೆಯಲ್ಲಿ ಸಮಾನವಾದ ಪಾತ್ರವನ್ನು ಕೊಡುವುದು ಈ ಕ್ರಮವೇ.

ದೀಕ್ಷೆ ಪಡೆಯದವರು ಮಾಡಬಾರದ ಕೆಲವು ಕಾರ್ಯಗಳಿವೆ. ಕರ್ತನ ಭೋಜನವನ್ನು ಅವರು ನಡೆಸುವಂತಿಲ್ಲ. ಕ್ಷಮಾಘೋಷಣೆಯನ್ನೂ ಆಶೀರ್ವಾದವನ್ನೂ ಅಯ್ಯನವರು ಸಭೆಯ ಕಡೆ ಕೈಯೆತ್ತಿ ಹೇಳಿದರೆ, ಸಭಾ ಹಿರಿಯರು ಅದೇ ಮಾತುಗಳನ್ನು ತಮ್ಮನ್ನೂ ಸೇರಿಸಿಕೊಂಡು ಪ್ರಾರ್ಥನೆಯ ರೂಪದಲ್ಲಿ ಹೇಳುತ್ತಾರೆ. ಆದ್ದರಿಂದ ಅಯ್ಯನವರ ಸರದಿಯ ಭಾನುವಾರವೇ ಸಂಸ್ಕಾರದ ಭಾನುವಾರವಾಗುತ್ತದೆ, ಆ ದಿನ ಹೊರಗೂರಿಗೆ ಹೋದವರೂ ಬರಲು ಪ್ರಯತ್ನಿಸುತ್ತಾರೆ. ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರಿಗೆ ಎದುರಾಗಿ ರೊಟ್ಟಿ ಮುರಿಯುತ್ತಾರೆ. ಮುರಿಯುವ ಮೊದಲು ಸಮಾಧಾನದ ವಿನಿಮಯ ನಡೆಯುತ್ತದೆ. ಅಯ್ಯನವರು ಮುಂದಿನವರಿಗೆ, ಅವರು ತಮ್ಮ ಪಕ್ಕದವರಿಗೆ ಎಂಬಂತೆ ಒಬ್ಬರ ಬಲಗೈಯನ್ನು ಇನ್ನೊಬ್ಬರು ಎರಡೂ ಕೈಗಳಲ್ಲಿ ಹಿಡಿದು ಸಮಾಧಾನವನ್ನು ದಾಟಿಸುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪ್ರಾಚೀನ ಕಾಲದಿಂದ ಉಳಿದಿದ್ದ ಈ ಪದ್ಧತಿಯನ್ನು ಸಿ.ಎಸ್.ಐ. ತನ್ನ ಕ್ರಮಕ್ಕೆ ತೆಗೆದುಕೊಂಡಿತು. ಬದುವಿನ ಜಗಳದಿಂದ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂತಿರುವ ಊರಿನಲ್ಲಿ ಇದು ಎಷ್ಟು ಕಷ್ಟದ ಕ್ರಿಯೆ ಎಂಬುದನ್ನು ಪಟ್ಟಣದ ಸಾವಿರ ಜನರ ಚರ್ಚಿನಲ್ಲಿ ಕೂತು ಊಹಿಸುವುದು ಸುಲಭವಲ್ಲ. ಅಲ್ಲಿ ಪಕ್ಕದವರು ಅಪರಿಚಿತರು. ಇಲ್ಲಿ ಪ್ರತಿಯೊಂದು ಕೈಯ ಹಿಂದೆಯೂ ಒಂದು ಲೆಕ್ಕವಿದೆ.

ಹಾಡುಗಳಲ್ಲಿ ಎರಡು ಬಗೆ. ಒಂದು, ಯೂರೋಪಿನ ರಾಗಗಳಿಗೆ ಹೊಂದಿಸಿ ಕನ್ನಡಕ್ಕೆ ತಂದ ಸಂಗೀತಗಳು; ಇನ್ನೊಂದು, ಹಾರ್ಮೋನಿಯಂ ತಬಲ ತಾಳಗಳೊಡನೆ ಹಾಡುವ ಭಜನೆಯ ಧಾಟಿಯ ಕೀರ್ತನೆಗಳು. ಆಂಧ್ರದ ಗಡಿಯ ತಾಲ್ಲೂಕುಗಳಲ್ಲಿ ಕನ್ನಡದ ಆರಾಧನೆಯ ನಡುವೆ ತೆಲುಗು ಹಾಡು ಬರುವುದು ಸಹಜ, ಚಿನ್ನದ ಗಣಿಗೆ ದುಡಿಯಲು ಬಂದವರ ಸಂತತಿ ನೆಲೆಸಿರುವ ಕೆ.ಜಿ.ಎಫ್.ನಲ್ಲಿ ಆರಾಧನೆ ಬಹುಮಟ್ಟಿಗೆ ತಮಿಳಿನಲ್ಲಿಯೇ ನಡೆಯುತ್ತದೆ.

ವರ್ಷದ ಹಬ್ಬಗಳು ಕ್ರಿಸ್ಮಸ್ಸಿಗಿಂತ ನಾಲ್ಕು ಭಾನುವಾರ ಮೊದಲು ಆಗಮನ ಕಾಲದೊಂದಿಗೆ ಆರಂಭವಾಗುತ್ತವೆ. ಡಿಸೆಂಬರ್ 31ರ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವುದು, ಹೊಸ ವರ್ಷದ ಆರಂಭದಲ್ಲಿ ದೇವರೊಂದಿಗಿನ ಒಡಂಬಡಿಕೆಯನ್ನು ನವೀಕರಿಸುವುದು ವೆಸ್ಲಿ ಪರಂಪರೆಯ ಕೊಡುಗೆ. ಒಡಂಬಡಿಕೆಯ ಆರಾಧನೆಯನ್ನು ವೆಸ್ಲಿ 1755ರಲ್ಲಿ ಆರಂಭಿಸಿದ್ದರು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ, 40 ದಿನಗಳ ತಪಸ್ಸಿನ ಕಾಲ. ಆಗ ಸಂಜೆಯ ಪ್ರಾರ್ಥನಾ ಕೂಟಗಳು ಮನೆಯಿಂದ ಮನೆಗೆ ಹೋಗುತ್ತವೆ. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಒಬ್ಬರೇ ಅಯ್ಯನವರು ಒಂದೇ ದಿನ ಎಲ್ಲ ಹಳ್ಳಿಗಳಲ್ಲಿ ಇರಲಾರರು, ಆದ್ದರಿಂದ ಏಳು ಮಾತುಗಳನ್ನು ಏಳು ಜನರಿಗೆ ಹಂಚುತ್ತಾರೆ: ಶಾಲಾ ಶಿಕ್ಷಕಿಯೊಬ್ಬರಿಗೆ ಒಂದು, ಕಾಲೇಜಿಗೆ ಹೋಗುವ ಹುಡುಗನಿಗೆ ಒಂದು, ಸ್ತ್ರೀಯರ ಸಂಘದ ಹಿರಿಯರಿಗೆ ಒಂದು. ಊರಿನಲ್ಲಿ ಒಬ್ಬ ಬೋಧಕ ತಯಾರಾಗುವುದು ಹೆಚ್ಚಾಗಿ ಈ ದಿನವೇ.

ಹಳ್ಳಿಯ ಸಭೆಯ ವರ್ಷದಲ್ಲಿ ಇಷ್ಟೇ ಮುಖ್ಯವಾದದ್ದು, ಪಂಚಾಂಗದ ಪ್ರಕಾರವಲ್ಲದೆ ಮಳೆ ಬೆಳೆಯ ಪ್ರಕಾರ ದಿನ ಗೊತ್ತಾಗುವ ಸುಗ್ಗಿ ಹಬ್ಬ. ರಾಗಿ, ಅವರೆ, ಹುರುಳಿ, ಕುಂಬಳ, ತೆಂಗಿನಕಾಯಿ, ಅಡಿಕೆ, ನಾಟಿ ಕೋಳಿ, ಮೊಟ್ಟೆ, ಹೆಂಗಸರು ಮನೆಯಲ್ಲಿ ಮಾಡಿದ ತಿಂಡಿ ಎಲ್ಲವೂ ಕಾಣಿಕೆಯಾಗಿ ಮೇಜಿನ ಮುಂದೆ ರಾಶಿ ಬೀಳುತ್ತವೆ. ಬೆಳೆಯ ಮೊದಲ ಫಲ ದೇವರಿಗೆ ಸೇರಿದ್ದು ಎಂಬ ಸತ್ಯವೇದದ ಬೋಧನೆ ಇದರ ಆಧಾರ. ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹರಾಜು. ಒಂದು ತೆಂಗಿನಕಾಯಿಯನ್ನು ಪೇಟೆಯ ಬೆಲೆಯ ಹತ್ತು ಪಟ್ಟಿಗೆ ಒಬ್ಬರು ಕೂಗುತ್ತಾರೆ, ಕೊಂಡವರೇ ಅದನ್ನು ಮತ್ತೆ ಕಾಣಿಕೆಯಾಗಿ ಕೊಟ್ಟು ಎರಡನೆಯ ಸಲ ಹರಾಜಿಗೆ ಬಿಡುತ್ತಾರೆ. ಇದನ್ನು ಕೇವಲ ಹಣ ಎತ್ತುವ ಉಪಾಯವೆಂದು ತಿಳಿದವರು ಅದರ ಅರ್ಧವನ್ನು ಮಾತ್ರ ನೋಡಿದ್ದಾರೆ. ರೊಕ್ಕ ಕೊಡಲಾರದ ಕೂಲಿ ಕುಟುಂಬ ಒಂದು ಸೇರು ಹುರುಳಿ ತಂದಿಡುತ್ತದೆ, ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿರುವ ಮಗ ಅದನ್ನು ನೂರಾರು ರೂಪಾಯಿಗೆ ಕೊಳ್ಳುತ್ತಾನೆ. ಬಡವರ ಕಾಣಿಕೆಗೆ ದೊಡ್ಡ ಬೆಲೆ ಬಂದದ್ದನ್ನು ಇಡೀ ಸಭೆ ಕೇಳುತ್ತದೆ. ನೆರೆಯ ಹಿಂದೂ ಮತ್ತು ಮುಸ್ಲಿಂ ಮನೆಗಳವರು ಬಂದು ಕೂಗುವುದೂ ಉಂಟು.

ವರ್ಷದ ಉಳಿದ ಹಣ ಭಾನುವಾರದ ಕಾಣಿಕೆಯಿಂದ, ಮನೆಯ ತಿಂಗಳ ಚಂದಾದಿಂದ, ಹುಟ್ಟುಹಬ್ಬಕ್ಕೋ ಕೊಳವೆಬಾವಿಯಲ್ಲಿ ನೀರು ಬಂದದ್ದಕ್ಕೋ ಕೊಡುವ ಕೃತಜ್ಞತಾ ಕಾಣಿಕೆಯಿಂದ ಬರುತ್ತದೆ. ಅಡುಗೆಗೆ ಅಳೆಯುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿಟ್ಟು ಒಪ್ಪಿಸುವ ಹೆಂಗಸರ ಪದ್ಧತಿಯೂ ಕೆಲವು ಕಡೆ ಉಳಿದಿದೆ. ಸಂಗ್ರಹವಾದದ್ದರಲ್ಲಿ ಗೊತ್ತಾದ ಪಾಲು ಡಯಾಸಿಸ್ಸಿಗೆ ಹೋಗುತ್ತದೆ, ಸಭಾಪಾಲಕರ ಸಂಬಳ ಅಲ್ಲಿಂದ ಬರುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಶ್ರೀಮಂತ ಸಭೆಗೆ ಮಾತ್ರ ಬೋಧಕರು ಸಿಗುತ್ತಿದ್ದರು. ಹಳ್ಳಿಯವರಿಗೆ ಮಾತ್ರ ಇದರಲ್ಲಿ ಒಂದು ಕೊರಗು ಉಂಟು: ಪಾಲು ತಪ್ಪದೆ ಹೋಗುತ್ತದೆ, ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ, ಕೆಲವು ವರ್ಷಗಳಿಗೆ ವರ್ಗವಾಗಿ ಹೋಗುತ್ತಾರೆ. ಆ ಕೊರಗು ನ್ಯಾಯವಾದದ್ದೇ ಎಂದು ನಾನು ಭಾವಿಸುತ್ತೇನೆ. ಸಿ.ಎಸ್.ಐ. ಸಭೆಗಳ ಆಸ್ತಿಯನ್ನು ಸಾಮಾನ್ಯವಾಗಿ 1947ರಲ್ಲಿಯೇ ನೋಂದಾಯಿತವಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೊಂದಿರುತ್ತದೆ. ದೇವಾಲಯದ ಜಾಗವನ್ನು ಊರಿನ ನಾಲ್ವರು ಸೇರಿ ಮಾರಲಾಗದಿರುವುದು ಇದರಿಂದ. ಒಂದು ಕೋಣೆ ಹೆಚ್ಚಿಗೆ ಕಟ್ಟಲು ಅನುಮತಿಗಾಗಿ ಕಾಯಬೇಕಾಗಿರುವುದೂ ಇದರಿಂದಲೇ.

ಹುಟ್ಟು, ಮದುವೆ, ಸಾವುಗಳಲ್ಲಿ ಸಭೆ ಮನೆಯೊಳಕ್ಕೆ ಬರುತ್ತದೆ. ಶಿಶುವಿಗೆ ದೀಕ್ಷಾಸ್ನಾನ, ಬೆಳೆದ ಮೇಲೆ ಕರ್ತನ ಪ್ರಾರ್ಥನೆ, ದಶಾಜ್ಞೆ, ವಿಶ್ವಾಸ ಪ್ರಮಾಣಗಳನ್ನು ಕಲಿತು ದೃಢೀಕರಣ, ಆಮೇಲೆ ಕರ್ತನ ಭೋಜನದಲ್ಲಿ ಪಾಲು. ಮದುವೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಗೆ ಒಳಪಟ್ಟದ್ದು; ಮದುವೆಯ ಪ್ರಕಟಣೆಯನ್ನು ಆರಾಧನೆಯಲ್ಲಿ ಓದಿ, ಆಕ್ಷೇಪವಿದ್ದರೆ ತಿಳಿಸುವಂತೆ ಕೇಳುತ್ತಾರೆ, ಸಾಮಾನ್ಯ ನಿಯಮದಂತೆ ಬೆಳಗಿನ 6ರಿಂದ ಸಂಜೆ 7ರೊಳಗೆ ವಿವಾಹ ನಡೆದು ಸಾಕ್ಷಿಗಳ ಸಹಿಯೊಂದಿಗೆ ರಿಜಿಸ್ಟರಿನಲ್ಲಿ ದಾಖಲಾಗಬೇಕು. ಸಾವಿನಲ್ಲಿ ಮಾತ್ರ ಅಯ್ಯನವರಿಗಾಗಿ ಹೆಚ್ಚು ಹೊತ್ತು ಕಾಯುವಂತಿಲ್ಲ. ಅವರು ದೂರದಲ್ಲಿದ್ದರೆ ಸಭಾ ಹಿರಿಯರೇ ಕ್ರಮವನ್ನು ಓದಿ ಮಣ್ಣು ಮಾಡುತ್ತಾರೆ, ಗುಂಡಿ ತೋಡುವವರು, ಅಡುಗೆ ಮಾಡುವವರು, ದೂರದ ನೆಂಟರಿಗೆ ಫೋನ್ ಮಾಡುವವರು ಎಲ್ಲರೂ ಸಭೆಯವರೇ.

ಹಳ್ಳಿಯ ಸಭೆಯ ಬದುಕನ್ನು ವಿವರಿಸುವಾಗ ಜಾತಿಯ ಪ್ರಶ್ನೆಯನ್ನು ಬಿಡುವಂತಿಲ್ಲ. ಈ ಭಾಗದ ಅನೇಕ ಸಭೆಗಳ ಕುಟುಂಬಗಳು ದಲಿತ ಹಿನ್ನೆಲೆಯವು, ದೇವಾಲಯವೂ ಅವರ ಕೇರಿಯಲ್ಲಿಯೇ ಇರುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಆರಂಭದಲ್ಲಿ ಪರಿಶಿಷ್ಟ ಜಾತಿಯ ಸ್ಥಾನವನ್ನು ಮುಖ್ಯವಾಗಿ ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರನ್ನು 3ಬಿಯಲ್ಲಿ ಸೇರಿಸಲಾಗಿದೆ. ಹೀಗಾಗಿ ಒಂದೇ ಕೇರಿಯ, ಒಂದೇ ಬಗೆಯ ಅವಮಾನವನ್ನು ಉಂಡ ಎರಡು ಮನೆಗಳ, ಒಂದು ಹಿಂದೂ ಒಂದು ಕ್ರೈಸ್ತ, ಮಕ್ಕಳಿಗೆ ಬೇರೆ ಬೇರೆ ಸರ್ಟಿಫಿಕೇಟು ಸಿಗುತ್ತದೆ. ಧರ್ಮ ಬದಲಾದರೂ ಊರು ಅವರನ್ನು ನೋಡುವ ಕಣ್ಣು ಬದಲಾಗಿಲ್ಲ. ಕಾನೂನು ಈ ಸಂಗತಿಯನ್ನು ಗಣನೆಗೆ ತೆಗೆದುಕೊಳ್ಳದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಭಾನುವಾರದ ಆರಾಧನೆಯಲ್ಲಿ ಸಭೆಗೆ ಎದುರಾಗಿ ನಿಂತು ಸತ್ಯವೇದವನ್ನು ಗಟ್ಟಿಯಾಗಿ ಓದುವ ಹಕ್ಕು ಇಂಥ ಕೇರಿಯ ಹೆಣ್ಣುಮಗಳಿಗೆ ಏನು ಎಂಬುದನ್ನು ಈ ಹಿನ್ನೆಲೆಯಲ್ಲಿಯೇ ತೂಗಬೇಕು.

ಕಥೋಲಿಕ ಸಭೆಯಲ್ಲಿ ಏರ್ಪಾಡು ಬೇರೆ, ಸಮಸ್ಯೆ ಬಹುತೇಕ ಇದೇ. ಮೂರೂ ಜಿಲ್ಲೆಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿವೆ, ಒಂದು ಧರ್ಮಕೇಂದ್ರದ ಕೆಳಗೆ ಹಲವು ಊರುಗಳ ಗುಡಿಗಳಿರುತ್ತವೆ. ಬಲಿಪೂಜೆಗೆ, ಅಂದರೆ ಕಥೋಲಿಕರ ಕರ್ತನ ಭೋಜನದ ಆರಾಧನೆಗೆ, ಗುರುಗಳು ಬೇಕೇ ಬೇಕು. ಅವರಿಲ್ಲದ ದಿನ ಜಪಸರ ಮತ್ತು ವಾಕ್ಯದ ಪ್ರಾರ್ಥನೆಯನ್ನು ಧರ್ಮಪಾಠ ಕಲಿಸುವ ಉಪದೇಶಿಗಳೋ ಕನ್ಯಾಸ್ತ್ರೀಯರೋ ನಡೆಸುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗೆ ಪೂಜೆಯಲ್ಲಿ ಎಡೆ ಕೊಟ್ಟ ಮೇಲೆ ಲ್ಯಾಟಿನ್ನಿನ ಜಾಗಕ್ಕೆ ಕನ್ನಡ ಬಂದು, ಹಳ್ಳಿಯ ಜನ ಉತ್ತರ ಕೊಡುವವರಾದರು.

ಸಭೆಯನ್ನು ನಡೆಸುವ ಈ ಹಿರಿಯರು ಎಲ್ಲಿಂದ ಬರುತ್ತಾರೆ ಎಂಬುದು ಈಗಿನ ನಿಜವಾದ ಪ್ರಶ್ನೆ. ಸಭಾಪಾಲಕರಿಗೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ, ಮಂಗಳೂರಿನ ಬಲ್ಮಠದಲ್ಲಿ 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಹಳ್ಳಿಯ ಹಿರಿಯರಿಗೆ ವರ್ಷಕ್ಕೊಮ್ಮೆ ಒಂದೆರಡು ದಿನಗಳ ಶಿಬಿರ ಸಿಕ್ಕರೆ ಹೆಚ್ಚು. ಮೊದಲು ಮಿಷನ್ ಶಾಲೆಯ ಮೇಷ್ಟರೇ ಉಪದೇಶಿಯಾಗಿದ್ದು, ಊರಿನಲ್ಲಿಯೇ ವಾಸವಾಗಿದ್ದು, ವಾರಕ್ಕೆ ಆರು ದಿನ ಅಕ್ಷರ ಕಲಿಸಿ ಏಳನೆಯ ದಿನ ಪ್ರಸಂಗ ಮಾಡುತ್ತಿದ್ದರು. ಆ ಶಾಲೆಗಳು ಮುಚ್ಚಿದ ಕಡೆ ಆ ಸ್ಥಾನವೂ ಹೋಯಿತು. ಈಗ ಅನೇಕ ಕಡೆ ಆ ಹೊರೆ ಹೆಂಗಸರ ಮೇಲೆ ಬಿದ್ದಿದೆ: ಸಂಡೇ ಸ್ಕೂಲ್ ಅವರದು, ಮನೆ ಪ್ರಾರ್ಥನೆ ಅವರದು, ರೋಗಿಗಳ ಭೇಟಿ ಅವರದು. ಸಿ.ಎಸ್.ಐ. ಹೆಂಗಸರಿಗೂ ದೀಕ್ಷೆ ಕೊಡುತ್ತದೆ, 2013ರಲ್ಲಿ ನೆರೆಯ ನಂದ್ಯಾಲ ಡಯಾಸಿಸ್ಸಿಗೆ ಮಹಿಳೆಯೊಬ್ಬರು ಬಿಷಪರೂ ಆದರು. ಹೀಗಿದ್ದರೂ ಹಳ್ಳಿಯ ಕಮಿಟಿಯ ಚುನಾವಣೆಯಲ್ಲಿ ಗಂಡಸರ ಹೆಸರುಗಳೇ ಮೊದಲು ಬರುತ್ತವೆ. ಡಯಾಸಿಸ್ಸು ತನ್ನ ತರಬೇತಿಯ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಕೇಳಿದರೆ, ಈಗಾಗಲೇ ಕೆಲಸವನ್ನು ಮಾಡುತ್ತಿರುವ ಈ ಹೆಂಗಸರಿಗೆ ಪ್ರಸಂಗ ಸಿದ್ಧಪಡಿಸುವುದನ್ನೂ ಲೆಕ್ಕ ಬರೆಯುವುದನ್ನೂ ಅವರವರ ಪ್ಯಾಸ್ಟರೇಟಿನಲ್ಲಿಯೇ, ಸುಗ್ಗಿ ಮುಗಿದು ಕೈ ಬಿಡುವಾದ ತಿಂಗಳುಗಳಲ್ಲಿ, ಕನ್ನಡದಲ್ಲಿ ಕಲಿಸುವುದರಲ್ಲಿ ತೊಡಗಿಸಬೇಕು ಎನ್ನುತ್ತೇನೆ.